ಎರಡು ಗಂಟೆಯ ಪಾಠದ ಬಾಜಾ

ಎಂಬತ್ತರ ದಶಕದ ನಡುವಿನ ಮಾತು. ಆಗ ಟಿವಿಗೆ ಕಟ್ಟಿಗೆಯ ಮೈಯಿತ್ತು, ಎಡಬಲಕ್ಕೆ ಜಾರುವ ಬಾಗಿಲುಗಳಿದ್ದವು, ಮೇಲೆ ಮನೆಯ ಹೆಣ್ಣುಮಕ್ಕಳು ಹೆಣೆದ ಕ್ರೋಶಾ ಹೊದಿಕೆ ಇರುತ್ತಿತ್ತು. ಆ ದಿನಗಳ ಮಾತು ಬಂದರೆ ನನ್ನ ಓರಗೆಯವರೆಲ್ಲ ರವಿವಾರ ಮುಂಜಾನೆಯ ಧಾರಾವಾಹಿಗಳನ್ನು ನೆನೆಯುತ್ತಾರೆ. ಓಣಿಯ ಮಂದಿಯೆಲ್ಲ ಒಂದೇ ಪಡಸಾಲೆಯಲ್ಲಿ ಕಿಕ್ಕಿರಿದು ಕೂತದ್ದನ್ನು, ಜಾಗ ಸಿಗದವರು ಕಿಟಕಿಯ ಸರಳಿಗೆ ಜೋತುಬಿದ್ದದ್ದನ್ನು ಹೇಳಿ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಟಿವಿಯೆಂದರೆ ನನಗೆ ಮೊದಲು ನೆನಪಾಗುವುದು ಮಧ್ಯಾಹ್ನ ಎರಡು ಗಂಟೆಗೆ ಬರುತ್ತಿದ್ದ ಮಕ್ಕಳ ಪಾಠ. ಆ ಹೊತ್ತಿಗೆ ದೊಡ್ಡವರು ಕಚೇರಿಯಲ್ಲಿ, ಮಕ್ಕಳು ಶಾಲೆಯಲ್ಲಿ ಇರುತ್ತಿದ್ದರು. ಅದನ್ನು ನೋಡಿದ ಇನ್ನೊಬ್ಬರು ನನ್ನ ಓರಗೆಯವರಲ್ಲಿ ಇಂದಿಗೂ ಸಿಕ್ಕಿಲ್ಲ.

ಪಾಠ ಹೇಳುವವರು ಸಫಾರಿ ಹಾಕಿದ ಒಬ್ಬ ಮಾಸ್ತರರು. ಕೈಯಲ್ಲಿ ಉದ್ದನೆಯ ಕಡ್ಡಿ. ಮಾತು ಎಷ್ಟು ನಿಧಾನವೆಂದರೆ ಒಂದು ಶಬ್ದ ಮುಗಿದು ಇನ್ನೊಂದು ಬರುವುದರೊಳಗೆ ನನಗೆ ತೂಕಡಿಕೆ ಬರುತ್ತಿತ್ತು. ಆದರೆ ಪಾಠ ಶುರುವಾಗುವ ಮುಂಚೆ, ನಡುನಡುವೆ ಚಿತ್ರ ತೋರಿಸುವಾಗ, ಮತ್ತೆ ಕೊನೆಗೆ ಒಂದು ಸಂಗೀತ ಬರುತ್ತಿತ್ತು. ಅಂಥದ್ದನ್ನು ನಾನು ಭಜನೆಯಲ್ಲೂ ಕೇಳಿರಲಿಲ್ಲ, ರೇಡಿಯೋದ ಸಿನಿಮಾ ಹಾಡಿನಲ್ಲೂ ಕೇಳಿರಲಿಲ್ಲ. ಕೆಳಗಡೆ ದಪ್ಪ ತಂತಿಯ ಗಿಟಾರು ಢುಂ, ಢುಂಢುಂ ಎಂದು ಸೊಕ್ಕಿನಿಂದ ನಡೆಯುತ್ತಿತ್ತು. ಡ್ರಮ್ಮಿನ ಪೆಟ್ಟು ನಾವು ಕಾದಲ್ಲಿ ಬೀಳದೆ, ಒಂದು ಗಳಿಗೆ ತಡೆದು ಆಮೇಲೆ ಬೀಳುತ್ತಿತ್ತು. ಇನ್ನೊಂದು ಗಿಟಾರು ‘ವಾಂವ್ ವಾಂವ್’ ಎಂದು ಹಸಿದ ಬೆಕ್ಕಿನ ಹಾಗೆ ಕೂಗುತ್ತಿತ್ತು. ಇದೆಲ್ಲದರ ಮೇಲೆ ಪೀಪಿಗಳ ಒಂದು ರಾಗ ಏರಿ, ತುದಿಯಲ್ಲಿ ಹೊರಳಿ ಇಳಿಯುತ್ತಿತ್ತು. ಜೀರ್ಣಾಂಗದ ಪಾಠದಲ್ಲಿ ರೊಟ್ಟಿಯ ತುತ್ತೊಂದು ಗಂಟಲಿನಿಂದ ಹೊಟ್ಟೆಗೆ ಜಾರುವ ಚಿತ್ರ ಬಂದಾಗ, ಆ ತುತ್ತು ಈ ಬಾಜಾದ ತಾಳಕ್ಕೆ ಕುಣಿಯುತ್ತಲೇ ಇಳಿದುಹೋಯಿತು. ಅದಕ್ಕೆ ‘ಫಂಕ್’ ಎನ್ನುತ್ತಾರೆಂದು ನನಗೆ ತಿಳಿದದ್ದು ಕಾಲೇಜು ಮುಗಿಯುವ ಹೊತ್ತಿಗೆ.

ಆ ವರ್ಷ ನಾನು ಕಲಬುರಗಿಯಲ್ಲಿ ಇರಬೇಕಾದವಳೇ ಅಲ್ಲ. ನಮ್ಮ ಮನೆ ಕಮಲಾಪುರದಲ್ಲಿತ್ತು. ಅಪ್ಪ ಅಲ್ಲಿನ ಅಂಚೆ ಕಚೇರಿಯಲ್ಲಿ ಗುಮಾಸ್ತ. ನಾನು ನಾಲ್ಕನೆಯ ಇಯತ್ತೆಗೆ ಹೋಗುವ ಮುಂಚಿನ ಬೇಸಗೆಯಲ್ಲಿ ಆಯಿಗೆ, ಎಂದರೆ ನನ್ನ ತಾಯಿಗೆ, ಏಳು ತಿಂಗಳಿಗೇ ಹೆರಿಗೆಯಾಗಿ ತಮ್ಮ ಹುಟ್ಟಿದ. ಅಂಗೈ ಅಗಲದ ಕೂಸು. ಅಳಲಿಕ್ಕೂ ತ್ರಾಣವಿರಲಿಲ್ಲ. ಆಯಿಯೂ ಹಾಸಿಗೆ ಹಿಡಿದಳು. ಅಜ್ಜಿ ಬಂದು ಮನೆಯ ಉಸ್ತುವಾರಿ ತೆಗೆದುಕೊಂಡಳು. ನಾನು ಕಾಲು ಸಪ್ಪಳ ಮಾಡಿದರೆ ಬೈಗುಳ, ನೀರು ಕೇಳಿದರೆ ಬೈಗುಳ. ಜೂನಿನಲ್ಲಿ ಅಪ್ಪ ನನ್ನ ಎರಡು ಫ್ರಾಕು, ಪಾಟಿಚೀಲ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದುಕೊಂಡು ನನ್ನನ್ನು ಬಸ್ಸು ಹತ್ತಿಸಿದರು.

“ಎಂಟು ದಿನ ಅಷ್ಟ, ವಸು. ಆಯಿಗಿ ಆರಾಮ ಆಗ್ಲಿ, ಬಂದು ಕರಕೊಂಡು ಹೋಗ್ತೀನಿ,” ಎಂದರು.

ಬಸ್ಸು ಮಹಾಗಾಂವ ದಾಟುವವರೆಗೂ ನಾನು ಆ ಎಂಟು ದಿನಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದೆ. ಆದರೆ ಅಪ್ಪನ ಚೀಲದಲ್ಲಿ ನನ್ನ ಶಾಲೆಯ ವರ್ಗಾವಣೆ ಪತ್ರ ಇದ್ದದ್ದು ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣಿಗೆ ಬಿತ್ತು. ಎಣಿಸುತ್ತಿದ್ದ ಬೆರಳುಗಳನ್ನು ಮಡಚಿಕೊಂಡೆ.

ಕುಸುಮ ಮೌಶಿ ಆಯಿಯ ಅಕ್ಕ. ಮದುವೆಯಾಗಿರಲಿಲ್ಲ. ಸರಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ನನ್ನ ಹೊಸ ಶಾಲೆ ಮುಂಜಾನೆಯದು, ಹನ್ನೆರಡಕ್ಕೆ ಬಿಡುತ್ತಿತ್ತು. ಮೌಶಿ ಬರುವುದು ಆರಕ್ಕೆ. ಕೀಲಿಯನ್ನು ದಾರಕ್ಕೆ ಕಟ್ಟಿ ನನ್ನ ಕೊರಳಿಗೆ ಹಾಕಿದಳು.

“ಕದಾ ತೆಗೀಬ್ಯಾಡ, ಒಲಿ ಹತ್ರ ಹೋಗಬ್ಯಾಡ, ಟಿವಿ ಮುಟ್ಟಬ್ಯಾಡ. ತಿಳೀತು?”

“ಹೂಂ.”

“ಹೂಂ ಅಲ್ಲ, ಹೂಂ ಮೌಶಿ.”

ಕೆಟ್ಟವಳಲ್ಲ ನಮ್ಮ ಮೌಶಿ. ಮಕ್ಕಳೊಂದಿಗೆ ಹೇಗೆ ಮಾತಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ನಾನು ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ತಾಟು ಮುಚ್ಚಿಟ್ಟಿರುತ್ತಿದ್ದಳು. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಒಮ್ಮೊಮ್ಮೆ ಪುಂಡಿಪಲ್ಯ. ಉಂಡು ತಾಟು ತೊಳೆದರೆ ಒಂದು ಗಂಟೆ. ಅಲ್ಲಿಂದ ಆರರವರೆಗಿನ ಹೊತ್ತು ನೂಕುವುದು ಹೇಗೆ? ಫರಸಿಕಲ್ಲಿನ ನೆಲದ ಮೇಲೆ ಬರಿಮೈ ಒತ್ತಿ ಮಲಗುತ್ತಿದ್ದೆ. ಒಂದು ಕಲ್ಲು ಬಿಸಿಯಾದರೆ ಪಕ್ಕದ ಕಲ್ಲಿಗೆ ಹೊರಳುತ್ತಿದ್ದೆ. ಗಡಿಯಾರ ಟಕಟಕ ಎನ್ನುತ್ತಿತ್ತು. ಒಬ್ಬಳೇ ಚೌಕಾಬಾರಾದ ಮನೆ ಬರೆದು ನನ್ನ ಪಾಳಿ, ಆಯಿಯ ಪಾಳಿ ಎರಡನ್ನೂ ನಾನೇ ಆಡುತ್ತಿದ್ದೆ. ಆಯಿ ಗೆಲ್ಲುವ ಹಾಗೆ ಕವಡೆ ಬಿದ್ದರೆ ಸಂತೋಷವಾಗುತ್ತಿತ್ತು, ಹಿಂದೆಯೇ ಅಳು ಬರುತ್ತಿತ್ತು.

ಮೂರನೆಯ ವಾರದಲ್ಲಿ ಒಂದು ದಿನ ಟಿವಿಯ ಬಾಗಿಲು ಸರಿಸಿ ಗುಂಡಿ ತಿರುವಿದೆ. ಹಾಡು ಬರಲಿ, ಕುಸ್ತಿ ಬರಲಿ, ಮನುಷ್ಯರ ದನಿಯೊಂದು ಬಂದರೆ ಸಾಕಿತ್ತು. ಕರಿಬಿಳಿ ಚುಕ್ಕೆಗಳ ನಡುವಿನಿಂದ ಆ ಬಾಜಾ ಬಂತು. ಢುಂ, ಢುಂಢುಂ. ನಾನು ಎದ್ದು ನಿಂತದ್ದು ನನಗೆ ನೆನಪಿಲ್ಲ. ಕಾಲು ತಾನೇ ಎದ್ದಿತು. ಕೊರಳಿನ ಕೀಲಿ ಎದೆಗೆ ಬಡಿಯುತ್ತಿತ್ತು. ಸಂಗೀತ ನಿಂತು ಮಾಸ್ತರರು “ಮಕ್ಕಳೇ” ಎಂದಾಗ ನಾನು ಖೋಲಿಯ ನಡುವೆ ಏದುಸಿರು ಬಿಡುತ್ತ ನಿಂತಿದ್ದೆ. ಕಮಲಾಪುರ ಬಿಟ್ಟಮೇಲೆ ಅದೇ ಮೊದಲ ಸಲ ನನಗೆ ನಗು ಬಂದಿತ್ತು. ನಗಲಿಕ್ಕೆ ಜೊತೆಗೆ ಯಾರೂ ಇಲ್ಲವೆಂಬುದು ಮರುಗಳಿಗೆ ತಿಳಿಯಿತು.

ಹತ್ತು ದಿನ ಹೀಗೆ ನಡೆಯಿತು. ಹನ್ನೊಂದನೆಯ ದಿನ ಮೌಶಿ ಎಂದಿಗಿಂತ ಮುಂಚೆ ಬಂದಳು. ಬಂದವಳೇ ಹೊದಿಕೆಯ ಕೆಳಗೆ ಕೈಯಿಟ್ಟಳು.

“ಟಿವಿ ಯಾಕ ಬಿಸಿ ಅದ?”

“ಬಿಸಲಿಗಿ.”

“ಬಿಸಲು ಒಳಗ ಬಂದಿತ್ತೇನು? ಖರೇ ಹೇಳು, ಏನು ನೋಡಾಕತ್ತಿದ್ದಿ?”

“ಪಾಠ,” ಎಂದೆ. ಮೌಶಿ ನನ್ನ ಮುಖವನ್ನೇ ನೋಡಿದಳು. ನಾನು ಸುಳ್ಳು ಹೇಳುತ್ತಿದ್ದೇನೆಂದು ಅಂದುಕೊಂಡಿರಬೇಕು. ಮರುದಿನ ಕಚೇರಿಯಲ್ಲಿ ಯಾರನ್ನೋ ವಿಚಾರಿಸಿ ಬಂದು, “ಹೌದಂತ, ಎರಡಕ್ಕ ಪಾಠ ಬರ್ತದಂತ. ಅದೊಂದು ನೋಡು. ಮುಗದ ಕೂಡ್ಲೆ ಬಂದ್ ಮಾಡಬೇಕು,” ಎಂದಳು. ಅಂದಿನಿಂದ ದಿನಾ ಸಂಜೆ ಚಹಾ ಕುಡಿಯುತ್ತ ಪ್ರಶ್ನೆ ಕೇಳಲು ಶುರುಮಾಡಿದಳು.

“ಇವತ್ತ ಏನು ಕಲಿಸಿದ್ರು?”

“ಎರೆಹುಳ.”

“ಎರೆಹುಳದ್ದು ಏನು?”

“ಅದು... ಮಣ್ಣಾಗ ಇರ್ತದ.”

“ಇದನ್ನ ಹೇಳಾಕ ಟಿವಿ ಬೇಕಾಯ್ತೇನು?”

ಎರೆಹುಳ ತೆವಳುವಾಗ ಗಿಟಾರು ಎಲ್ಲಿ ನಿಂತು ಎಲ್ಲಿ ಎದ್ದಿತೆಂದು ಕೇಳಿದ್ದರೆ ಪೂರಾ ಹೇಳುತ್ತಿದ್ದೆ.

ನಮ್ಮ ಕಿಟಕಿಯ ಎದುರಿಗೆ ಒಂದು ಬ್ಯಾಂಡ್ ಅಂಗಡಿ ಇತ್ತು. ಲಗ್ನದ ಮೆರವಣಿಗೆಗೆ ಬಾಜಾ ಬಾರಿಸುವವರದು. ಜರಿಪಟ್ಟಿಯ ಕೆಂಪು ಕೋಟುಗಳು ಗೂಟಕ್ಕೆ ತೂಗುತ್ತಿದ್ದವು. ಅದರ ಉಸ್ತಾದ ಹುಸೇನ್ ಚಾಚಾ. ಅವನ ಮನೆ ದೂರದ ರೋಜಾ ಬಡಾವಣೆಯ ಕಡೆ, ಆದರೆ ಲಗ್ನಗಳಿಲ್ಲದ ಮಳೆಗಾಲದಲ್ಲೂ ದಿನಾ ಸೈಕಲ್ ಮೇಲೆ ಬಂದು ಅಂಗಡಿ ತೆಗೆದು, ಕ್ಲಾರಿನೆಟ್ಟನ್ನು ಒರೆಸುತ್ತ ಕೂಡುತ್ತಿದ್ದ. ಒಂದು ಮಧ್ಯಾಹ್ನ ನಾನು ಕುಣಿದು ಮುಗಿಸಿ ತಿರುಗಿದರೆ ಅವನ ಬಿಳಿಗಡ್ಡ ಕಿಟಕಿಯ ಸರಳಿನ ಆಚೆ ಕಂಡಿತು. ನನಗೆ ನಾಚಿಕೆಯಿಂದ ಬೆವರಿತು.

“ಅರೆ ಬೇಟಿ, ಅದ್ಯಾವ ಬಾಜಾ ಬಂತು ಈಗ?”

“ಪಾಠದ್ದು, ಚಾಚಾ.”

“ಪಾಠದ್ದಾ? ಇಂಥಾ ಜಬರದಸ್ತ್ ಬಾಜಾ ಪಾಠಕ್ಕ? ನಮ್ಮ ವಕ್ತಿನ್ಯಾಗ ಪಾಠಕ್ಕ ಬೆತ್ತದ ಆವಾಜ್ ಒಂದೇ ಇತ್ತು ನೋಡು!”

ಮರುದಿನದಿಂದ ಎರಡಕ್ಕೆ ಐದು ನಿಮಿಷ ಇರುವಾಗಲೇ ಅವನು ಕ್ಲಾರಿನೆಟ್ ಹಿಡಿದು ಕಿಟಕಿಯ ಕಟ್ಟೆಗೆ ಬಂದು ಕೂಡುತ್ತಿದ್ದ. ಕದ ತೆಗೆಯಬಾರದೆಂಬ ಮೌಶಿಯ ಮಾತಿತ್ತಲ್ಲ, ಹಾಗಾಗಿ ನಮ್ಮ ನಡುವೆ ಸರಳುಗಳಿದ್ದವು. ಸಂಗೀತ ಮುಕ್ಕಾಲು ನಿಮಿಷವೂ ಇರುತ್ತಿರಲಿಲ್ಲ. ಮುಗಿದ ಕೂಡಲೇ ಅವನು ಬಾಯಲ್ಲಿ ಹಿಡಿದಿಟ್ಟುಕೊಂಡಷ್ಟನ್ನು ಊದುತ್ತಿದ್ದ. ತಪ್ಪಿದಲ್ಲಿ ನಾನು ಹಾಡಿ ತಿದ್ದುತ್ತಿದ್ದೆ.

“ಹಂಗಲ್ಲ ಚಾಚಾ. ಅಲ್ಲೆ ಸ್ವಲ್ಪ ತಡೀಬೇಕು, ಆಮ್ಯಾಲ ಬೀಳಬೇಕು.”

“ತಡದು ಬೀಳೋದು,” ಎಂದು ಅವನು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ. “ಅದೇ ನೋಡು ಅದರ ಮಜಾ. ಯಾರೋ ಛಲೋ ಉಸ್ತಾದ್ ಇದ್ದಾನ.”

ಆ ಮುಕ್ಕಾಲು ನಿಮಿಷ ಬಿಟ್ಟರೆ ಉಳಿದ ದಿನ ಮೊದಲಿನಂತೆಯೇ ಇತ್ತು. ಎಂಟು ದಿನ ಹೋಗಿ ಎಂಟು ವಾರ ಆದವು. ಅಪ್ಪ ತಿಂಗಳಿಗೊಮ್ಮೆ ಕೆಂಪು ಬಾಳೆಹಣ್ಣು ಹಿಡಿದು ಬಂದು, ಒಂದು ತಾಸು ಕೂತು, ಕೊನೆಯ ಬಸ್ಸು ತಪ್ಪುತ್ತದೆಂದು ಎದ್ದುಬಿಡುತ್ತಿದ್ದರು.

ದೀಪಾವಳಿಗೆ ನನ್ನನ್ನು ಕಮಲಾಪುರಕ್ಕೆ ಕರೆದೊಯ್ದರು. ಆಯಿಗೆ ಆ ಬಾಜಾ ಕೇಳಿಸಬೇಕೆಂದು ನಾನು ತಿಂಗಳಿನಿಂದ ತಯಾರಾಗಿದ್ದೆ. ಸ್ಟೀಲಿನ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ಡ್ರಮ್ಮು, ಬಾಯಲ್ಲಿ ಗಿಟಾರು. ಪೀಪಿಯ ರಾಗಕ್ಕೆ ಚಾಚಾ ತುಟಿ ಹೇಗೆ ಮಡಚಬೇಕೆಂದು ಕಲಿಸಿಕೊಟ್ಟಿದ್ದ. ಆಯಿಯ ಖೋಲಿಯಲ್ಲಿ ಅಜವಾನದ ಹೊಗೆಯ ವಾಸನೆ ಇತ್ತು. ಆಯಿ ನನ್ನನ್ನು ಹತ್ತಿರ ಎಳೆದುಕೊಂಡು ಕೆನ್ನೆ ಮುಟ್ಟಿದಳು. ಕೈ ಬಿದಿರಿನಷ್ಟು ಹಗುರವಾಗಿತ್ತು. ಪಕ್ಕದಲ್ಲಿ, ನಾನು ಮಲಗುತ್ತಿದ್ದ ಜಾಗದಲ್ಲಿ, ತಮ್ಮ ಮಲಗಿದ್ದ.

“ಆಯಿ, ನಿನಗೊಂದು ತೋರಸ್ತೀನಿ,” ಎಂದು ಡಬ್ಬಿಯ ಮುಚ್ಚಳ ತೊಡೆಯ ಮೇಲಿಟ್ಟು ಶುರುಮಾಡಿದೆ. ಎರಡು ಢುಂ ಆಗಿರಬೇಕು.

“ಈಗ ಬ್ಯಾಡ ವಸು. ಕೂಸು ಎಚ್ಚರ ಆಗ್ತದ. ಬಹಳ ಹೊತ್ತಿನ ಮ್ಯಾಲೆ ಕಣ್ಣು ಮುಚ್ಚ್ಯಾದ.”

“ಸಣ್ಣಂಗ ಮಾಡ್ತೀನಿ.”

“ನನ್ನ ಬಂಗಾರ, ಆಮ್ಯಾಲ.”

ಆಮೇಲೆ ಎಂಬುದು ಆ ಮೂರು ದಿನಗಳಲ್ಲಿ ಬರಲಿಲ್ಲ. ಕೂಸಿಗೆ ಜ್ವರ ಬಂತು, ಡಾಕ್ಟರು ಬಂದರು, ಅಜ್ಜಿ ದೇವರ ಮುಂದೆ ಕೂತಳು. ಓಣಿಯ ಗೆಳತಿ ಇನ್ನೊಬ್ಬಳ ಕೈಹಿಡಿದು ಆಡುತ್ತಿದ್ದಳು. ನನ್ನನ್ನು ಕಂಡು, “ನೀ ಯಾವಾಗ ವಾಪಸ್ ಹೋಗ್ತಿ?” ಎಂದು ಕೇಳಿದಳು. ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಕಲಬುರಗಿ, ನಾಳೆ ಎರಡಕ್ಕೆ ಬಾಜಾ ಎಂದು ಯೋಚನೆ ಬಂದು ಮನಸ್ಸು ಹಗುರಾಯಿತು. ಹಾಗೆ ಹಗುರಾದದ್ದು ಗೊತ್ತಾಗಿ ನನಗೆ ಹೆದರಿಕೆಯಾಯಿತು. ಆಯಿಯನ್ನು ಬಿಟ್ಟು ಹೋಗುವಾಗ ಸುಖವೆನಿಸಿದ್ದನ್ನು ನಾನು ಅಪ್ಪನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ತುಳಸಿ ಲಗ್ನ ಮುಗಿದು ಊರಲ್ಲಿ ಮದುವೆಗಳು ಶುರುವಾದವು. ಹುಸೇನ್ ಚಾಚಾ ಕಿಟಕಿಗೆ ಬರುವುದು ನಿಂತಿತು. ಒಂದು ಸಂಜೆ, ಇನ್ನೂ ಬಿಸಿಲಿತ್ತು, ಮೌಶಿಯೂ ನಾನೂ ಕಾಯಿಪಲ್ಯ ತರಲು ಜಗತ್ ಕಡೆ ಹೋಗಿದ್ದೆವು. ಮುಸ್ಸಂಜೆಯ ಮುಹೂರ್ತದ ಗೋರಜ ಲಗ್ನದ ಮೆರವಣಿಗೆಯೊಂದು ಎದುರಾಯಿತು. ಕುದುರೆಯ ಮೇಲೆ ಮದುಮಗ, ಮುಂದೆ ಕೆಂಪು ಕೋಟುಗಳು. ಮೆರವಣಿಗೆ ಕಂಡರೆ ಮೌಶಿ ಯಾವಾಗಲೂ ಸೆರಗು ಬಿಗಿಮಾಡಿ ಪಕ್ಕದ ಸಂದಿಗೆ ತಿರುಗಿಬಿಡುವವಳು. ಅಂದೂ ನನ್ನ ರಟ್ಟೆ ಹಿಡಿದು ತಿರುಗಿದಳು. ಅಷ್ಟರಲ್ಲಿ ಚಾಚಾ ನನ್ನನ್ನು ನೋಡಿಬಿಟ್ಟ.

ಬಾರಿಸುತ್ತಿದ್ದ ಸಿನಿಮಾ ಹಾಡನ್ನು ಅರ್ಧಕ್ಕೆ ನಿಲ್ಲಿಸಿದ. ಹಿಂದಿನವರಿಗೆ ಕೈಯೆತ್ತಿ ಏನೋ ಹೇಳಿದ. ದೊಡ್ಡ ಹಿತ್ತಾಳೆಯ ಪೀಪಿಯವನು ಗಲ್ಲ ಉಬ್ಬಿಸಿ ಢುಂ, ಢುಂಢುಂ ಎಂದ. ಡ್ರಮ್ಮಿನವನು ತಡೆದು, ಆಮೇಲೆ ಬಡಿದ. ಕ್ಲಾರಿನೆಟ್ ಮೇಲೆದ್ದಿತು.

ನನ್ನ ಪಾಠದ ಬಾಜಾ ಜಗತ್ ಸರ್ಕಲ್ಲಿನಲ್ಲಿ, ಟಾಂಗಾ, ರಿಕ್ಷಾ, ಬಸ್ಸುಗಳ ನಡುವೆ ಮೊಳಗತೊಡಗಿತ್ತು. ವರನ ಕಡೆಯ ಹುಡುಗರು ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ, ಆಮೇಲೆ ಕುಣಿಯಲು ಶುರುಮಾಡಿದರು. ಒಬ್ಬ ಕರವಸ್ತ್ರ ಹಲ್ಲಿಗೆ ಕಚ್ಚಿ ಕುಣಿದ. ರುಮಾಲಿನ ಮುದುಕರೊಬ್ಬರು ಕೋಲು ಎತ್ತಿ ಕುಣಿದರು. ಅವರು ಕುಣಿಯುತ್ತಿರುವುದು ಎರೆಹುಳದ ಪಾಠಕ್ಕೆ, ಹೊಟ್ಟೆಗೆ ಇಳಿಯುವ ತುತ್ತಿನ ತಾಳಕ್ಕೆ ಎಂಬುದು ಚಾಚಾನನ್ನು ಬಿಟ್ಟರೆ ಅಷ್ಟು ಮಂದಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹಾಗೆಂದು ನಾನು ತಿಳಿದಿದ್ದೆ.

“ಇದು ನಿನ್ನ ಪಾಠದ್ದಲ್ಲ?” ಎಂದಳು ಮೌಶಿ.

ನಾನು ಬೆರಗಾಗಿ ಅವಳನ್ನು ನೋಡಿದೆ.

“ದಿನಾ ತಾಟು ತೊಳೀತ ಅದನ್ನೇ ಗುನುಗತಿರ್ತಿ. ನನಗೂ ಆಫೀಸಿನ್ಯಾಗ ಟೈಪ್ ಮಾಡಾಗ ಬರಾಕತ್ತದ, ದರಿದ್ರದ್ದು,” ಎಂದಳು. ಹಾಗೆನ್ನುತ್ತ ನಕ್ಕಳು. ಮೌಶಿಯ ಬಲಗಡೆಯ ಹಲ್ಲಿನ ಮೇಲೆ ಇನ್ನೊಂದು ಹಲ್ಲಿರುವುದು ಅಂದೇ ನನಗೆ ಕಂಡದ್ದು. ನಾವು ಸಂದಿಗೆ ತಿರುಗಲಿಲ್ಲ. ಮದುಮಗ, ಕಳಸ ಹಿಡಿದ ಹೆಂಗಸರು, ಹಿಂದಿನ ಜೀಪು ಎಲ್ಲ ದಾಟಿಹೋಗುವವರೆಗೆ ಮೌಶಿ ಬದನೆಕಾಯಿಯ ಚೀಲವನ್ನು ಎದೆಗೊತ್ತಿಕೊಂಡು ಅಲ್ಲೇ ನಿಂತಳು. ಆಮೇಲೆ, “ನಡಿ, ಹೊತ್ತಾತು,” ಎಂದು ನನ್ನ ಕೈಹಿಡಿದಳು. ರಟ್ಟೆ ಹಿಡಿಯದೆ ಅಂಗೈ ಹಿಡಿದದ್ದು ಅದೇ ಮೊದಲು.

ಸಂಕ್ರಮಣದ ನಂತರ ಒಂದು ದಿನ ಟಿವಿ ಹಚ್ಚಿದರೆ ಕೊಳಲು, ವೀಣೆ ಬಂದವು. ಮಾಸ್ತರರ ಜಾಗದಲ್ಲಿ ಬೇರೆಯವರು. ನಾನು ಪಾಠ ಮುಗಿಯುವವರೆಗೂ ಕಾದೆ. ಮರುದಿನವೂ, ವಾರವೂ ಕಾದೆ. ಬರಲಿಲ್ಲ. ಅಳುತ್ತ ಕೂತವಳನ್ನು ಮೌಶಿ ಮೊದಲು ಗದರಿಸಿದಳು. ಆಮೇಲೆ, “ಹೇಳು, ಟಿವಿಯವರಿಗೆ ಒಂದು ಅರ್ಜಿ ಬರಿಯೋಣು,” ಎಂದು ಕಾಗದ ತೆಗೆದಳು. ನಾನು ಹೇಳಿದೆ, ಅವಳು ಬರೆದುಕೊಂಡು ಕಚೇರಿಯಲ್ಲಿ ಟೈಪು ಮಾಡಿ ತಂದಳು. ‘ಸದರಿ ಬಾಜಾ ಬಾರಿಸಿದವರ ಹೆಸರು ತಿಳಿಸಲು ಕೋರಿಕೆ’ ಎಂದಿತ್ತು. ಕೆಳಗೆ ನನ್ನ ಸಹಿ.

ಉತ್ತರ ಬಂದದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಪರೀಕ್ಷೆ ಮುಗಿದು ಅಪ್ಪ ನನ್ನನ್ನು ಕಮಲಾಪುರಕ್ಕೆ ವಾಪಸ್ ತಂದಿದ್ದರು. ಮೌಶಿ ವಿಳಾಸ ತಿದ್ದಿ ಕಳಿಸಿದ ಲಕೋಟೆಯನ್ನು ಅಪ್ಪನೇ ಮಧ್ಯಾಹ್ನ ಊಟಕ್ಕೆ ಬರುವಾಗ ತಂದರು. ನಾಲ್ಕು ಸಾಲು. ಆ ಸಂಗೀತ ಹೊರದೇಶದ ಒಂದು ರೆಕಾರ್ಡಿನದು. ಅದರ ಮೇಲೆ ನಂಬರು ಮಾತ್ರ ಇದೆ, ಬಾರಿಸಿದವರ ಹೆಸರಿಲ್ಲ. ಹಳೆಯ ಪಾಠಗಳ ಟೇಪಿನ ಮೇಲೆ ಹೊಸ ಪಾಠಗಳನ್ನು ತುಂಬಲಾಗಿದೆ. ಆಸಕ್ತಿಗೆ ಧನ್ಯವಾದ.

ಕಮಲಾಪುರದ ಮನೆಯಲ್ಲಿ ಟಿವಿ ಇರಲಿಲ್ಲ. ತಮ್ಮ ಬದುಕಿದ್ದ, ಅಂಬೆಗಾಲಿಡುತ್ತಿದ್ದ, ಮನೆಯವರೆಲ್ಲ ಅವನ ಹಿಂದೆ ಓಡುತ್ತಿದ್ದರು. ಆಯಿ ಎದ್ದು ಓಡಾಡುತ್ತಿದ್ದಳು. ನಾನು ಬಯಸಿದ್ದೆಲ್ಲ ಆಗಿತ್ತು. ಆದರೂ ಮಧ್ಯಾಹ್ನ ಎರಡಾದರೆ ನನಗೆ ಎಲ್ಲಿ ಕೂಡಬೇಕು, ಏನು ಮಾಡಬೇಕು ತಿಳಿಯುತ್ತಿರಲಿಲ್ಲ. ನೀರು ಬೇಕಾದರೆ, “ತಗೊಳ್ಳಲೇನು?” ಎಂದು ಕೇಳುತ್ತಿದ್ದೆ. “ನಿಮ್ಮ ಮನ್ಯಾಗ ನೀ ಕೇಳ್ತಿಯೇನ?” ಎಂದು ಅಜ್ಜಿ ನಗುತ್ತಿದ್ದಳು. ಆಯಿ ನಗುತ್ತಿರಲಿಲ್ಲ.

ಅದೇ ಬೇಸಗೆಯ ಒಂದು ದಿನ ಆಯಿ ನನ್ನನ್ನು ಮುಂದೆ ಕೂಡಿಸಿಕೊಂಡು ತಲೆ ಬಾಚುತ್ತಿದ್ದಳು. ತಮ್ಮ ಅವಳ ಬೆನ್ನು ಹಿಡಿದು ನಿಂತಿದ್ದ.

“ವಸು, ದೀಪಾವಳಿಗೆ ಬಂದಾಗ ಏನೋ ಬಾಜಾ ಮಾಡಿ ತೋರಸ್ತೀನಿ ಅಂದಿದ್ದಿ ನೋಡು. ಈಗ ಮಾಡು. ಕೂಸೂ ಕೇಳ್ತದ.”

ಡಬ್ಬಿಯ ಮುಚ್ಚಳ ಕೈಗೆಟಕುವಷ್ಟು ದೂರದಲ್ಲೇ ಇತ್ತು. ಒಂದೊಂದು ಪೆಟ್ಟೂ ನನಗೆ ನೆನಪಿತ್ತು. ಆದರೂ ಕೈ ಅತ್ತ ಹೋಗಲಿಲ್ಲ.

“ಮರ್ತೀನಿ,” ಎಂದೆ.

“ಅಷ್ಟೂ?”

“ಅಷ್ಟೂ.”

ಆಯಿಯ ಕೈ ನನ್ನ ಕೂದಲಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಬಾಚತೊಡಗಿತು. ಅವಳು ಮತ್ತೆಂದೂ ಕೇಳಲಿಲ್ಲ.

ಈಗ ಹುಸೇನ್ ಚಾಚಾ ಇಲ್ಲ. ಬ್ಯಾಂಡ್ ಅಂಗಡಿಯಿದ್ದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಮೌಶಿ ನಿವೃತ್ತಿಯಾದ ಮೂರನೆಯ ವರ್ಷ ಹೋದಳು. ಆಯಿ ಹೋಗಿಯೂ ಬಹಳ ವರ್ಷವಾಯಿತು. ಯಾವ ಹಾಡು ಬೇಕೆಂದರೂ ಫೋನಿನಲ್ಲಿ ಸಿಗುವ ಕಾಲ ಇದು. ಬೀದರಿನಲ್ಲಿ ಮಾಸ್ತರಿಕೆ ಮಾಡುವ ತಮ್ಮ ಯಾವ್ಯಾವುದೋ ದೇಶಗಳ ಹಳೆಯ ಮಕ್ಕಳ ಪಾಠಗಳ ಸಂಗೀತ ಹುಡುಕಿ, “ಅಕ್ಕಾ, ಇದೇನು?” ಎಂದು ಕಳಿಸುತ್ತಿರುತ್ತಾನೆ. ಎಲ್ಲ ಅದೇ ಜಾತಿಯವು, ಅದೇ ಸೊಕ್ಕಿನ ಗಿಟಾರು. ನನ್ನ ಬಾಜಾ ಮಾತ್ರ ಅವುಗಳಲ್ಲಿಲ್ಲ. ಹೇಗಿತ್ತು ಒಮ್ಮೆ ಹಾಡಿ ತೋರಿಸು ಎಂದು ಅವನು ಕೇಳಿದರೆ ಕೆಳಗಿನ ಢುಂ, ಢುಂಢುಂ ಈಗಲೂ ಸರಿಯಾಗಿ ಬರುತ್ತದೆ. ಅದರ ಮೇಲೆ ಏರುತ್ತಿದ್ದ ರಾಗ ಎಲ್ಲಿ ಹೊರಳುತ್ತಿತ್ತೆಂದು ಹುಡುಕುತ್ತೇನೆ, ಸಿಗುವುದಿಲ್ಲ. ತಿದ್ದಿ ಹೇಳುವವರು ಯಾರೂ ಉಳಿದಿಲ್ಲ. ಆಯಿಗೆ ನಾನು ಅಂದು ಹೇಳಿದ್ದು ಸುಳ್ಳು. ವರ್ಷ ಕಳೆದಂತೆ ಅದು ಸ್ವಲ್ಪಸ್ವಲ್ಪವೇ ಖರೆಯಾಗುತ್ತಿದೆ.